ಪರೀಕ್ಷೆಗೆ ಮುಯ್ಯಾಳು

ಪಂಚಾಯಿತಿ ಗ್ರಂಥಾಲಯದ ಹೊರಗೋಡೆಯ ಮೇಲೆ ದೊಡ್ಡವರಿಗೆ ಪುಕ್ಕಟೆ ತರಬೇತಿ ಎಂದು ಬಣ್ಣದಲ್ಲಿ ಬರೆಸಿದ್ದರು. ಓದು-ಬರಹ, ಹೊಲಿಗೆ, ಕಂಪ್ಯೂಟರ್. ಹೊಲಿಗೆ ಯಂತ್ರ ಕೊನೆಗೂ ಬರಲಿಲ್ಲ. ಕಂಪ್ಯೂಟರ್ ಬಂತು. ಗ್ರಂಥಾಲಯ ನೋಡಿಕೊಳ್ಳುವ ಕಲ್ಮೇಶ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಯಾರೂ ಮುಟ್ಟದಂತೆ ಕಾಯ್ದ. ಮುಟ್ಟಿದರೆ ಕೆಡುತ್ತದೆ, ಕೆಟ್ಟರೆ ತನ್ನ ತಲೆಗೆ ಬರುತ್ತದೆ ಎಂಬುದು ಅವನ ಲೆಕ್ಕ. ಹೀಗಾಗಿ ನಡೆದದ್ದು ಓದು-ಬರಹದ ಕ್ಲಾಸು ಒಂದೇ.

ಅದೂ ನಡೆದದ್ದು ಮೆಹೆರಾಜಳ ಗರಜಿನಿಂದ. ಬೈಲಹೊಂಗಲದಲ್ಲಿ ಬಿ.ಎ. ಮುಗಿಸಿದ್ದ ಆ ಹುಡುಗಿ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಳು. ಅವಳಪ್ಪ ಬಡೇಸಾಬ ಟೆಂಪೊ ಓಡಿಸುತ್ತಿದ್ದ. ಒಂದೇ ಕೋಣೆಯ ಮನೆಯಲ್ಲಿ ಟಿ.ವಿ. ಸದ್ದಿನ ನಡುವೆ ಓದಲಾಗದೆ ಅವಳು ಗ್ರಂಥಾಲಯಕ್ಕೆ ಬರುತ್ತಿದ್ದಳು. ಕಲ್ಮೇಶ, "ದಿನಾ ಬಂದು ಕುಂದರತಿ, ಸಂಜಿಮುಂದ ಹೆಣ್ಮಕ್ಕಳಿಗೆ ಎರಡಕ್ಷರ ಕಲಸು. ಅನುಭವದ ಸರ್ಟಿಫಿಕೇಟ್ ಕೊಡಸತೇನಿ" ಎಂದ. ಅವಳಿಗೆ ಆ ಸರ್ಟಿಫಿಕೇಟ್ ಬೇಕಿತ್ತು. ಒಪ್ಪಿಕೊಂಡಳು.

ಕರೆವ್ವ ಕ್ಲಾಸಿಗೆ ಬಂದದ್ದು ಅಕ್ಷರದ ಪ್ರೀತಿಯಿಂದಲ್ಲ. ಅವಳು ಊರ ಸರಕಾರಿ ಸಾಲೆಯ ಬಿಸಿಯೂಟದ ಕೋಣೆಯಲ್ಲಿ ಸಹಾಯಕಿ. ಮುಖ್ಯ ಅಡುಗೆಯ ಸಾವಿತ್ರೆವ್ವನಿಗೆ ಅರವತ್ತು ತುಂಬುತ್ತಿತ್ತು. ವರ್ಷಗಟ್ಟಲೆ ಅವಳ ಕೈಕೆಳಗೆ ಪಾತ್ರೆ ತಿಕ್ಕಿದವಳು, ಹೊಗೆ ಕುಡಿದವಳು ಕರೆವ್ವ. ಆ ಜಾಗ ತನಗೇ ಬರಬೇಕೆಂದು ಅವಳು ಅಂದುಕೊಂಡದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಕಿತ್ತೂರಿನ ಕಡೆಯಿಂದ ಬಂದಿದ್ದ ಹೊಸ ಹೆಡ್ ಮಾಸ್ತರರು ಒಂದು ಷರತ್ತು ಹಾಕಿದ್ದರು. ದಿನದ ಅಕ್ಕಿ ಎಷ್ಟು, ಬೇಳೆ ಎಷ್ಟು ಎಂದು ಬರೆದಿಡುವ ಕೆಲಸ ಇಷ್ಟು ದಿನ ಮಾಸ್ತರರ ಮೇಲಿತ್ತು. ಇನ್ನು ಮುಂದೆ ಅದನ್ನು ಮುಖ್ಯ ಅಡುಗೆಯವಳೇ ಮಾಡಬೇಕು, ಓದು-ಬರಹ ಬಾರದವಳು ಬೇಡ ಎಂದರು. ಸಾಲೆಯ ಕಮಿಟಿಯ ಅಧ್ಯಕ್ಷ ಭರಮಪ್ಪ ಹೌದೆಂದು ಗೋಣು ಹಾಕಿದ. ಅವನ ತಮ್ಮನ ಹೆಂಡತಿ ಮಹಾನಂದಾ ಏಳನೇ ಇಯತ್ತೆ ಪಾಸಾಗಿದ್ದಳು. ಅವಳಿಗೂ ಆ ಜಾಗ ಬೇಕಿತ್ತು.

ಕ್ಲಾಸಿನ ಮೊದಲ ದಿನ ಮೆಹೆರಾಜ ಅ ಆ ಇ ಈ ಬರೆಯಲು ಹೋದಾಗ ಕರೆವ್ವ ತಡೆದಳು.

"ಅಕ್ಕಾರ, ಅದೆಲ್ಲಾ ಆಮ್ಯಾಲೆ. ಮದ್ಲ ಅಕ್ಕಿ ಕಲಸ್ರಿ, ಬ್ಯಾಳಿ ಕಲಸ್ರಿ. ಎಣ್ಣಿ, ಉಪ್ಪು, ಅರಿಷಿಣ."

ತನ್ನ ಅರ್ಧ ವಯಸ್ಸಿನ ಹುಡುಗಿಯನ್ನು ಸಾಲೆಯ ಮಕ್ಕಳಂತೆ ಅವಳು ಅಕ್ಕಾರ ಎಂದೇ ಕರೆದಳು. ಉಳಿದ ಹೆಂಗಸರು ನಕ್ಕರು.

"ಕಾಕು, ಪುಸ್ತಕದಾಗ ಹಂಗಿಲ್ಲ" ಎಂದಳು ಮೆಹೆರಾಜ.

"ಪುಸ್ತಕ ಮಾಡಿದವರು ಅಡಿಗಿ ಮಾಡಿಲ್ಲ ಬಿಡ್ರಿ."

ಮೆಹೆರಾಜ ಬೋರ್ಡು ಒರೆಸಿ ಅಕ್ಕಿ ಎಂದು ಬರೆದಳು.

ಕರೆವ್ವ ಒಲೆಯ ಇದ್ದಿಲಿನಿಂದ ಮನೆಯ ಹಿತ್ತಲ ಗೋಡೆಯ ತುಂಬ ಬೇಳೆ, ಉಪ್ಪು ಬರೆದಳು. ಅವಳ ಗಂಡ ಮಡಿವಾಳೆಪ್ಪ ಊಟಕ್ಕೆ ಕಾಯುತ್ತ ಕೂತು, "ಗ್ವಾಡಿಗೆ ಉಣಸಾಕತ್ತಿಯಲ್ಲ, ನನಗೂ ಒಂದಿಷ್ಟ ನೀಡ" ಎನ್ನುತ್ತಿದ್ದ. ಅಕ್ಷರ ಅವಳಿಗೆ ಬೇಗ ಹತ್ತಲಿಲ್ಲ. ಬರೆದದ್ದು ಮರುದಿನ ಮರೆಯುತ್ತಿತ್ತು. ಒಂದು ಸಾಲು ಓದುವಷ್ಟರಲ್ಲಿ ಸಾಲಿನ ಮೊದಲ ಪದ ತಲೆಯಿಂದ ಜಾರುತ್ತಿತ್ತು. ಆದರೂ ಮಳೆ ಹಿಡಿಯುವ ಹೊತ್ತಿಗೆ ಅಕ್ಕಿಯ ಚೀಲದ ಮೇಲಿನದನ್ನು ಓದುತ್ತಿದ್ದಳು, ಪೇಪರಿನ ದೊಡ್ಡ ಅಕ್ಷರಗಳ ಮೇಲೆ ಬೆರಳಿಟ್ಟು ಹೋಗುತ್ತಿದ್ದಳು. ಪುಸ್ತಕ ಅರ್ಧ ಮುಗಿದಿತ್ತು.

ಕ್ಲಾಸಿನ ಪರೀಕ್ಷೆ ಒಂದು ರವಿವಾರಕ್ಕೆ ಗೊತ್ತಾಯಿತು; ಪಾಸಾದವರಿಗೆ ಓದು-ಬರಹ ಬರುತ್ತದೆಂದು ಸರ್ಟಿಫಿಕೇಟ್. ಅದು ಹೆಸರುಕಾಳಿನ ಕಾಯಿ ಬಿಡಿಸುವ ಕಾಲ. ಮೋಡ ಕಟ್ಟಿತ್ತು, ಒಂದು ಜೋರು ಮಳೆ ಬಿದ್ದರೆ ಕಾಯಿ ಗಿಡದಲ್ಲೇ ಮೊಳೆಯುತ್ತದೆ. ಇಂಥ ಹೊತ್ತಲ್ಲಿ ಊರಲ್ಲಿ ಕೂಲಿಗೆ ಆಳು ಸಿಗುವುದಿಲ್ಲ, ಮುಯ್ಯಾಳು ನಡೆಯುತ್ತದೆ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ನಿನಗೆ ಆಗದಿದ್ದರೆ ನಿನ್ನ ಮಗಳು ಬಂದರೂ ನಡೆಯುತ್ತದೆ, ಸೊಸೆ ಬಂದರೂ ನಡೆಯುತ್ತದೆ. ತಲೆಗೆ ತಲೆ, ದಿನಕ್ಕೆ ದಿನ. ಯಾರ ಬದಲು ಯಾರು ಬಂದರು ಎಂದು ಯಾರೂ ಕೇಳುವುದಿಲ್ಲ.

ಮಹಾನಂದಾ ಆ ವಾರವೇ ಕರೆವ್ವನ ಹೊಲಕ್ಕೆ ಬಂದು ಹೋಗಿದ್ದಳು. ಕರೆವ್ವ ಅವಳ ಹೊಲಕ್ಕೆ ಹೋಗಿ ಮುಯ್ಯಿ ತೀರಿಸುವ ದಿನ ರವಿವಾರವೇ ಬಿತ್ತು.

"ರವಿವಾರ ನನಗ ಪರೀಕ್ಷಾ ಐತಿ. ಮುಗಿಸಿ ಬರತೇನಿ" ಎಂದಳು ಕರೆವ್ವ.

"ಆತ ತಗೊ, ಬರದು ತಹಶೀಲ್ದಾರ ಆಗು. ನನ್ನ ಹೆಸರ ಗಿಡದಾಗ ಕೊಳೀಲಿ."

"ಮಧ್ಯಾಹ್ನದಾಗ ಬರತೇನಿ ಅಂದ್ನೆಲ್ಲಾ."

"ಮಧ್ಯಾಹ್ನ ಬಂದ್ರ ಅರ್ಧ ಆಳು. ಇನ್ನರ್ಧ ಯಾವಾಗ ತೀರಸ್ತಿ ಅದನ್ನೂ ಹೇಳಿ ಹೋಗು."

ರವಿವಾರ ಕರೆವ್ವ ತಲೆಗೆ ಎರೆದುಕೊಂಡಳು. ಮಗಳ ಮದುವೆಯಲ್ಲಿ ಬಂದಿದ್ದ ಹಸಿರು ಸೀರೆ ಉಟ್ಟಳು. ಹಣಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿ, ಸೆರಗಿನಲ್ಲಿ ಪೆನ್ನು ಕಟ್ಟಿಕೊಂಡು ಗ್ರಂಥಾಲಯಕ್ಕೆ ಹೋದಳು. ಒಳಗೆ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರೂ ಇಳಕಲ್ಲ ಸೀರೆ ಉಟ್ಟಿದ್ದರು, ಹಣೆಯವರೆಗೆ ಸೆರಗು ಎಳೆದುಕೊಂಡಿದ್ದರು. ತನ್ನ ಜೊತೆ ಕಲಿತವರೆಲ್ಲ ಹೊಲ ಬಿಟ್ಟು ಬಂದಿದ್ದಾರೆಂದು ಅವಳಿಗೆ ಒಂದು ಗಳಿಗೆ ಅನಿಸಿತು. ಆಮೇಲೆ ಕೈಗಳನ್ನು ನೋಡಿದಳು. ಉಗುರಿಗೆ ಬಣ್ಣ ಹಚ್ಚಿದ ಕೈಗಳು. ಸಪಸಪ ಬರೆಯುತ್ತಿದ್ದವು. ಸವದತ್ತಿಗೆ ಕಾಲೇಜಿಗೆ ಹೋಗುವ ಊರಿನ ಹುಡುಗಿಯರು, ತಮ್ಮ ಅಜ್ಜಿಯರ ಸೀರೆಗಳಲ್ಲಿ.

ಕಲ್ಮೇಶ ಬಾಗಿಲಿಗೆ ಅಡ್ಡ ಬಂದ.

"ನೀ ಯಾಕ ಬಂದೆಬೇ?"

"ಪರೀಕ್ಷಾ ಐತೆಲ್ಲೋ."

"ಐತಿ. ನಿಂದೂ ನಡದೈತಿ."

"ನಾ ಇಲ್ಲಿ ನಿಂತೇನಿ. ನಂದು ಹೆಂಗ ನಡದೈತಿ?"

ಕಲ್ಮೇಶ ಕಣ್ಣಿನಲ್ಲೇ ಕಿಟಕಿಯ ಪಕ್ಕ ತೋರಿಸಿದ. ಅಲ್ಲಿ ಭರಮಪ್ಪನ ಮಗಳು ಅನ್ನಪೂರ್ಣಾ ಕೂತಿದ್ದಳು. ಬಿ.ಕಾಂ. ಎರಡನೇ ವರ್ಷ. ಆ ಹೊತ್ತಿಗೆ ಅವಳು ಕರೆವ್ವ ಆಗಿದ್ದಳು.

"ನೀವೆಲ್ಲಾ ಹೆಸರ ಬಿಡಸಾಕ ಹೋಗ್ತೀರಿ ಅಂತ ಮದ್ಲ ಇವರನ್ನ ಕರಸೇನಿ. ಹ್ವಾದ ಸಲ ಯಾರೂ ಬರಲಿಲ್ಲಂತ ಎಲ್ಲಾರ ಮುಂದ ನಿಂದರಿಸಿ ಬೈಸ್ಕೊಂಡೇನಿ. ಮತ್ತ ಬೈಸ್ಕೊಳ್ಳಾಕ ನನಗೇನ ಹುಚ್ಚ ಹಿಡದೈತಿ?"

"ನಾ ಬರತೇನಿ ಅಂತ ಹೇಳಿದ್ನೆಲ್ಲಾ."

"ಎಲ್ಲಾರೂ ಹಂಗ ಹೇಳ್ತಾರ. ಮುಯ್ಯಾಳು ಅಂತ ತಿಳಿ. ನಿನ್ನ ಹೊಲಕ್ಕ ನಾ ಬಂದ್ರೇನು, ನನ್ನ ತಂಗಿ ಬಂದ್ರೇನು? ಕೆಲಸ ಆದ್ರ ಆತಿಲ್ಲೋ?"

"ನನಗೂ ಒಂದ ಕಾಗದ ಕೊಡು. ಮೂಲ್ಯಾಗ ಕುಂತ ಬರೀತೇನಿ."

"ಇಬ್ಬರು ಕರೆವ್ವಗೋಳು ಆಗ್ತಾರ ಯವ್ವಾ. ಒಬ್ಬಾಕಿನ್ನ ಸಂಭಾಳಿಸೋದು ನನಗ ಸಾಕಾಗೇತಿ."

ಒಳಗೆ ಸಾಲುಗಳ ನಡುವೆ ತಿರುಗುತ್ತಿದ್ದ ಮೆಹೆರಾಜ ಬಾಗಿಲ ಕಡೆ ನೋಡಿದಳು. ಕರೆವ್ವನನ್ನು ಕಂಡಳು. ಮುಂದಿನ ಸಾಲಿಗೆ ಹೋದಳು.

ಆ ಹೊತ್ತಿಗೆ ಪರೀಕ್ಷೆ ನೋಡಲು ಸಾಹೇಬರು ಬಂದರು. ಕಲ್ಮೇಶ ಕರೆವ್ವನನ್ನು ನೀರಿನ ಟಾಕಿಯ ಹಿಂದಕ್ಕೆ ಸರಿಸಿ ನಿಲ್ಲಿಸಿದ. ಸಾಹೇಬರು ಒಳಗೆಲ್ಲ ಒಂದು ಸುತ್ತು ಹಾಕಿ ಮೊಬೈಲ್ ತೆಗೆದರು. ಫೋಟೋ ಹೊಡೆಯುವ ಮೊದಲು, "ಸೆರಗ ಇನ್ನಷ್ಟ ಮುಂದ ತಗೊಳ್ರಿ. ಮಾರಿ ಕಾಣಸಾಕತ್ತಾವು" ಎಂದರು. ಹುಡುಗಿಯರು ನಗು ತಡೆದು ಸೆರಗು ಎಳೆದುಕೊಂಡರು.

ಕರೆವ್ವ ಮನೆಗೆ ಹೋಗಿ ಹಸಿರು ಸೀರೆ ಬಿಚ್ಚಿಟ್ಟಳು. ಹಳೆಯದನ್ನು ಉಟ್ಟು ಮಹಾನಂದಾಳ ಹೊಲಕ್ಕೆ ನಡೆದಳು. ಅಲ್ಲಿ ಕ್ಲಾಸಿನ ಹೆಂಗಸರೆಲ್ಲ ಸಾಲು ಹಿಡಿದು ಹೆಸರು ಬಿಡಿಸುತ್ತಿದ್ದರು.

"ಇಷ್ಟ ಲಗೂ ಮುಗೀತ? ಶ್ಯಾಣ್ಯಾಕಿ ಅದಿ ಬಿಡು" ಎಂದಳು ಮಹಾನಂದಾ.

ಕರೆವ್ವ ಉಡಿ ಕಟ್ಟಿಕೊಂಡು ಸಾಲು ಹಿಡಿದಳು.

ದಸರೆಯ ಮುಂದೆ ಫಲಿತಾಂಶ ಬಂತು. ಎಲ್ಲರೂ ಪಾಸು. ಕರೆವ್ವನಿಗೆ ಎ ಗ್ರೇಡು. ಪಂಚಾಯಿತಿ ಎದುರಿಗೆ ಪೆಂಡಾಲು ಹಾಕಿ ಸರ್ಟಿಫಿಕೇಟ್ ಹಂಚಿದರು, ಊರು ಪೂರ್ತಿ ಸಾಕ್ಷರವಾಯಿತೆಂದು ಭಾಷಣ ಮಾಡಿದರು, ಉಪ್ಪಿಟ್ಟು ಕೊಟ್ಟರು. ಮರುದಿನ ಸಂಜೆ ಕರೆವ್ವ ಪುಸ್ತಕ ಹಿಡಿದು ಗ್ರಂಥಾಲಯಕ್ಕೆ ಹೋದಳು. ಚಾಪೆಗಳನ್ನು ಸುತ್ತಿಟ್ಟಿದ್ದರು. ಮೆಹೆರಾಜ ಒಬ್ಬಳೇ ತನ್ನ ಪರೀಕ್ಷೆಗೆ ಓದುತ್ತ ಕೂತಿದ್ದಳು.

"ಅಕ್ಕಾರ, ಇನ್ನ ಅರ್ಧಾ ಪುಸ್ತಕ ಉಳದೈತಿ."

"ಕ್ಲಾಸ್ ಬಂದ್ ಆತು ಕಾಕು. ನೀವೆಲ್ಲಾ ಪಾಸಾದ್ರಿ."

"ಪಾಸಾದವರಿಗೆ ಕಲಸಂಗಿಲ್ಲೇನ್ರಿ?"

"ಊರಾಗ ಕಲಿಯೂ ಮಂದಿ ಯಾರೂ ಉಳದಿಲ್ಲಂತ ಮ್ಯಾಲೆ ಬರದು ಕಳಿಸ್ಯಾರ. ಈಗ ಕ್ಲಾಸ್ ತಗೊಂಡ್ರ ಯಾರಿಗೆ ಕಲಸಾಕತ್ತಿ ಅಂತ ಕೇಳ್ತಾರ."

"ನನಗ ಅಂತ ಹೇಳ್ರಿ."

ಮೆಹೆರಾಜ ಪುಸ್ತಕ ಮುಚ್ಚಿದಳು. ಹುಡುಗಿ ಕೆಟ್ಟವಳಲ್ಲ; ಅಳು ಬಂದಂತಿತ್ತು, ಆದರೆ ಅಳಲಿಲ್ಲ.

"ಕಾಕು, ದೀಪಾವಳಿ ಆದಮ್ಯಾಲೆ ನಾ ಧಾರವಾಡಕ್ಕ ಕೋಚಿಂಗಿಗೆ ಹೊಂಟೇನಿ. ನನ್ನ ಅನುಭವದ ಸರ್ಟಿಫಿಕೇಟಿಗೆ ಇನ್ನೂ ಸಹಿ ಆಗಿಲ್ಲ. ಅವತ್ತಿನ ಪರೀಕ್ಷಾದ ಸುದ್ದಿ ಎಲ್ಲೂ ಬಾಯಿ ಬಿಡಬ್ಯಾಡ್ರಿ. ನನಗ ಕೆಲಸ ಬೇಕು."

"ನನಗೂ ಕೆಲಸಾನ ಬೇಕಾಗಿತ್ರಿ."

"ನಿಮ್ಮದೂ ಆಗತೈತಿ. ಎ ಗ್ರೇಡ್ ಐತೆಲ್ಲಾ. ಯಾರು ಓದಿಸಿ ನೋಡ್ತಾರ?"

ಕರೆವ್ವನಿಗೂ ಹಾಗೇ ಅನಿಸಿತು. ಯಾರು ಓದಿಸಿ ನೋಡುತ್ತಾರೆ? ಸಹಿ ಹಾಕಲು ಬರುತ್ತದೆ, ಅಕ್ಕಿ ಬೇಳೆ ಬರೆಯಲು ಬರುತ್ತದೆ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು ಬಂದಳು.

ಕಮಿಟಿಯ ಸಭೆ ಸಾಲೆಯ ಆಫೀಸು ಕೋಣೆಯಲ್ಲಿ ಸೇರಿತು. ಹೆಡ್ ಮಾಸ್ತರರು, ಭರಮಪ್ಪ, ನಾಲ್ಕು ಮಂದಿ ಸದಸ್ಯರು. ಸರ್ಟಿಫಿಕೇಟ್ ಖರೆ ಎಂದು ಹೇಳಲು ಕಲ್ಮೇಶನನ್ನೂ ಕರೆಸಿದ್ದರು. ಮಹಾನಂದಾ ಬಾಕಿನ ಮೇಲೆ ಏಳನೇ ಇಯತ್ತೆಯ ಮಾರ್ಕ್ಸ್‌ಕಾರ್ಡು ಹಿಡಿದು ಕೂತಿದ್ದಳು. ಹೆಡ್ ಮಾಸ್ತರರು ಅದನ್ನು ತಿರುಗಿಸಿ ನೋಡಿ ಮರಳಿ ಕೊಟ್ಟರು. ಅವಳಿಗೆ ಏನನ್ನೂ ಕೇಳಲಿಲ್ಲ. ಕರೆವ್ವನ ಸರ್ಟಿಫಿಕೇಟ್ ನೋಡಿ ಭರಮಪ್ಪ ಹುಬ್ಬೇರಿಸಿದ.

"ಎ ಗ್ರೇಡ್. ಭಾಳ ಚಲೋ ಆತು. ಸರ, ಆ ಪೇಪರ್ ಕೊಡ್ರಿ, ಒಂದೀಟು ಓದಲಿ. ನಾವೂ ಕೇಳೂಣು."

ಮೊದಲ ಪುಟದಲ್ಲಿ ಮಲಪ್ರಭೆಯ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಇತ್ತು. ಕರೆವ್ವ ಬೆರಳಿಟ್ಟಳು. ದಪ್ಪಕ್ಷರದ ಸಾಲನ್ನು ತಡೆದು ತಡೆದು ಓದಿದಳು. ಓದಿದ್ದು ಸರಿಯಿತ್ತು. ಕೆಳಗಿನ ಸಣ್ಣಕ್ಷರಕ್ಕೆ ಬಂದಾಗ ಬೆರಳು ನಿಂತಿತು. ಒಂದು ಅಕ್ಷರ ಹತ್ತಿತು, ಮುಂದಿನದು ಹತ್ತಲಿಲ್ಲ. ಸದಸ್ಯನೊಬ್ಬ ಮೊಬೈಲ್ ತೆಗೆದು ನೋಡತೊಡಗಿದ.

"ಡ್ಯಾಂ ಖಾಲಿ ಆದ್ರೂ ಈಕಿ ಓದು ಮುಗ್ಯಾಂಗಿಲ್ಲ" ಎಂದ ಭರಮಪ್ಪ. ಎಲ್ಲರೂ ನಕ್ಕರು. ಅವನು ಮುಂದುವರಿಸಿದ. "ಎ ಗ್ರೇಡಿನಾಕಿ ಹಿಂಗ ಓದತಾಳೇನ್ರಿ ಸರ? ಇದರಾಗ ಏನೋ ಐತಿ. ಖರೇ ಹೇಳ ಕರೆವ್ವಾ, ಪರೀಕ್ಷಾ ಯಾರ ಬರದ್ರು?"

ಕರೆವ್ವ ಕಲ್ಮೇಶನ ಕಡೆ ನೋಡಿದಳು. ಅವನು ಫ್ಯಾನ್ ನೋಡುತ್ತಿದ್ದ. ಅವಳಿಗೆ ಮೆಹೆರಾಜಳ ನೆನಪಾಯಿತು, ಕೊಟ್ಟ ಮಾತೂ ನೆನಪಾಯಿತು. ಆದರೆ ನಗು ಇನ್ನೂ ಕೋಣೆಯಲ್ಲಿತ್ತು.

"ನಿಮ್ಮ ಅನ್ನಪೂರ್ಣಾ ಬರದಾಳ್ರಿ" ಎಂದಳು. "ನಿಮ್ಮ ಅವ್ವನ ಸೀರಿ ಉಟ್ಕೊಂಡ ಬಂದಿದ್ಲು. ನಾ ಬಾಗಲದಾಗ ನಿಂತಿದ್ನಿ, ಒಳಗ ಬಿಡಲಿಲ್ಲ."

ನಗು ನಿಂತಿತು. ಭರಮಪ್ಪನಿಗೆ ಮಗಳು ಪರೀಕ್ಷೆಗೆ ಕೂತದ್ದು ಗೊತ್ತಿತ್ತು; ಯಾರ ಹೆಸರಿನಲ್ಲಿ ಎಂದು ಅವನು ವಿಚಾರಿಸಿರಲಿಲ್ಲ. ಆ ಕೋಣೆಯಲ್ಲಿದ್ದ ಮತ್ತಿಬ್ಬರ ಹೆಣ್ಣುಮಕ್ಕಳೂ ಆ ದಿನ ಕೂತವರೇ.

ಹೆಡ್ ಮಾಸ್ತರರು ಪೆನ್ನಿನ ಮುಚ್ಚಳ ಹಾಕಿದರು. "ಇಂಥಾದ್ದೆಲ್ಲಾ ನನ್ನ ಮುಂದ ಮಾತಾಡಬ್ಯಾಡ್ರಿ. ಕೇಳಿದ್ನಿ ಅಂದ್ರ ಬರೀಬೇಕಾಗತೈತಿ. ನಾ ಕೇಳಿಲ್ಲ."

"ಕಲ್ಮೇಶಾ, ಈಕಿ ಅವತ್ತ ಬಂದಿದ್ಲ?" ಎಂದ ಭರಮಪ್ಪ. ದನಿ ಮೆತ್ತಗಿತ್ತು.

"ಇಲ್ಲರಿ. ಹೆಸರ ಬಿಡಸಾಕ ಹೋಗಿದ್ಲು. ಎಲ್ಲಾರೂ ಹೋಗಿದ್ರಲ್ಲರಿ. ಬೇಕಾದ್ರ ಮಹಾನಂದಕ್ಕನ್ನ ಕೇಳ್ರಿ, ಅವರ ಹೊಲದಾಗ ಇದ್ಲು."

"ನೀನ ನನ್ನ ಟಾಕಿ ಹಿಂದ ನಿಂದರಿಸಿದಿ ಕಲ್ಮೇಶಾ."

ಅವನು ಮತ್ತೆ ಫ್ಯಾನ್ ಕಡೆ ಮುಖ ಎತ್ತಿದ. ಎಲ್ಲರೂ ಮಹಾನಂದಾಳ ಕಡೆ ತಿರುಗಿದರು. ಅವಳು ಮಾರ್ಕ್ಸ್‌ಕಾರ್ಡನ್ನು ಮಡಿಚಿ ಮತ್ತೆ ಬಿಚ್ಚಿದಳು.

"ಬಂದಿದ್ಲರಿ" ಎಂದಳು. ಅದು ಸುಳ್ಳಲ್ಲ.

"ಯಾವಾಗ ಬಂದ್ನಿ ಅದನ್ನೂ ಹೇಳು" ಎಂದಳು ಕರೆವ್ವ. "ಅರ್ಧ ಆಳು ಅಂತ ಅಂದಿದ್ದಿಲ್ಲ ನೀ?"

"ಹೊತ್ತ ಗೊತ್ತು ಯಾರಿಗೆ ನೆನಪಿರತೈತಿ ಬೇ? ಮೋಡ ಕವದಿತ್ತು."

ಅಲ್ಲಿಗೆ ಮುಗಿಯಿತು. ಪರೀಕ್ಷೆಯ ದಿನ ಹೊಲಕ್ಕೆ ಹೋದವಳು ಕರೆವ್ವ. ಆದ್ದರಿಂದ ಕಳ್ಳತನ ಕರೆವ್ವನದು. ತನ್ನ ಮಗಳನ್ನು ಈಕೆಯೇ ಕೈಮುಗಿದು ಕಳಿಸಿರಬೇಕೆಂದು ಭರಮಪ್ಪ ಹೇಳಿದ. ಎಳೆ ಹುಡುಗಿಗೆ ಏನು ತಿಳಿಯುತ್ತದೆ ಎಂದು ಇನ್ನೊಬ್ಬ ಹೇಳಿದ. ಮಹಾನಂದಾಳನ್ನು ಮುಖ್ಯ ಅಡುಗೆಯವಳಾಗಿ ತಗೊಳ್ಳಬೇಕು, ಕರೆವ್ವನಿಗೆ ಓದು-ಬರಹ ಬಾರದ ಕಾರಣ ಅವಳನ್ನು ಪರಿಗಣಿಸಲಾಗಿಲ್ಲ ಎಂದು ಠರಾವು ಬರೆದರು. ಬಡವಿ ಎಂದು ಸಹಾಯಕಿಯ ಕೆಲಸ ಮಾತ್ರ ಉಳಿಸಿದರು. ಅದನ್ನು ಭರಮಪ್ಪ ಎರಡು ಸಲ ಹೇಳಿದ.

ಕರೆವ್ವ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು. "ಇದನ್ನ ನೀವ ಇಟ್ಕೊಳ್ರಿ ಹಂಗಾದ್ರ."

ಹೆಡ್ ಮಾಸ್ತರರು ಅದನ್ನು ಬೆರಳ ತುದಿಯಿಂದ ಅವಳ ಕಡೆ ದೂಡಿದರು.

"ನಿನ್ನ ಹಂತೇಕ ಇರಲಿ ಬೇ. ವಾಪಸ್ ತಗೊಂಡ್ರ ಊರಿನ ಲೆಕ್ಕ ತಪ್ಪತೈತಿ."

ಮೆಹೆರಾಜಳ ಕಾಗದಕ್ಕೆ ಆ ವಾರವೇ ಸಹಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಧಾರವಾಡಕ್ಕೆ ಹೋಗುವ ಮುಂದೆ ಅವಳು ಕರೆವ್ವನ ಮನೆಗೆ ಬಂದಳು. ಕರೆವ್ವ ಚಹಾ ಮಾಡಿ ಕೊಟ್ಟಳು. ಇಬ್ಬರೂ ಸಭೆಯ ಮಾತು ಎತ್ತಲಿಲ್ಲ. ಹುಡುಗಿ ಹೋದಮೇಲೆ ಕರೆವ್ವ ಹಿತ್ತಲ ಗೋಡೆಗೆ ಸುಣ್ಣ ಹಚ್ಚಿದಳು. ಅವತ್ತು ಮಡಿವಾಳೆಪ್ಪ ತಾನೇ ನೀಡಿಕೊಂಡು ಉಂಡ.

ಮಹಾನಂದಾ ಕೆಲಸಕ್ಕೆ ಬಂದ ಮೊದಲ ವಾರ ಅಡುಗೆ ಸೀದುಹೋಗದಂತೆ ನೋಡಿಕೊಂಡದ್ದು ಕರೆವ್ವ. ಬರೆಯುವ ಕೆಲಸ ಮಾತ್ರ ಮಹಾನಂದಾಳದು. ಅವಳು ಏಳನೇ ಇಯತ್ತೆ ಮುಗಿಸಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಪೆನ್ನು ಮುಟ್ಟಿರಲಿಲ್ಲ. ಅಡುಗೆ ಕೋಣೆಯ ಹೊಸ್ತಿಲ ಮೇಲೆ ಕೂತು ಹಾಳೆಯನ್ನು ನೋಡುತ್ತಿದ್ದಳು. ಹೊರಗೆ ಮಕ್ಕಳು ತಾಟು ಬಡಿಯುತ್ತಿದ್ದವು.

"ಕರೆವ್ವಾ, ಒಂಚೂರ ಬಾ ಇಲ್ಲಿ. ಅರಿಷಿಣ ಅಂತ ಹೆಂಗ ಬರೀಬೇಕ? ನೀ ಆ ಹುಡುಗಿ ಹಂತೇಕ ಕಲ್ತಿದ್ದಿಯಲ್ಲಾ."

ಕರೆವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ನನಗ ಓದು-ಬರಹ ಬರೂದಿಲ್ಲಂತ ಠರಾವ ಆಗೇತಿ."

"ಅದು ಮೀಟಿಂಗಿಂದು ಬೇ. ಇದು ನಮ್ಮ ನಮ್ಮೊಳಗಿಂದು."

"ಮೀಟಿಂಗಿನ್ಯಾಗ ಅದೆಲ್ಲಿ ಹೋಗಿತ್ತು?"

ಮಹಾನಂದಾ ಸಿಟ್ಟಾಗಲಿಲ್ಲ. ಪೆನ್ನಿನಿಂದ ಕಿವಿಯ ಹತ್ತಿರ ತುರಿಸಿಕೊಂಡಳು. "ನೀ ಹೇಳದಿದ್ರ ನಾ ಹೆಡ್ ಮಾಸ್ತರರ ಮುಂದ ಹೋಗಿ ನಿಲ್ಲಬೇಕು. ನಮ್ಮ ಭಾವನ ಮರ್ಯಾದಿ ಹೋಗತೈತಿ."

"ಹೋಗಲಿ."

ಮಹಾನಂದಾ ಹಾಳೆ ಹಿಡಿದು ಆಫೀಸು ಕೋಣೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಹೆಡ್ ಮಾಸ್ತರರು ಹಾಳೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ ತಾವೇ ಬರೆದರು. ಮರುದಿನವೂ ಅವರೇ ಬರೆದರು. ಈಗ ದಿನಾ ಅವರೇ ಬರೆಯುತ್ತಾರೆ, ಮಹಾನಂದಾ ಕೆಳಗೆ ಸಹಿ ಹಾಕುತ್ತಾಳೆ. ಷರತ್ತಿನ ಮಾತನ್ನು ಯಾರೂ ಎತ್ತುವುದಿಲ್ಲ.

ಆ ಮೊದಲ ದಿನ ಅವಳು ತಿರುಗಿ ಬರುವಷ್ಟರಲ್ಲಿ ಅನ್ನ ಕುದಿ ಬಂದಿತ್ತು. ಕರೆವ್ವ ದೊಡ್ಡ ಬೋಗುಣಿಯ ಒಂದು ಕಿವಿಗೆ ಅರಿವೆ ಸುತ್ತಿ, ಇನ್ನೊಂದು ಅರಿವೆಯನ್ನು ಅವಳ ಕಡೆ ಎಸೆದಳು.

"ಆ ಕಡೆ ಹಿಡೀರಿ ಮೇನ್ ಅಡಿಗಿ ಬಾಯಾರ. ಗಂಜಿ ಬಸೀಬೇಕು. ಕೈ ಸುಟ್ಕೊಂಡೀರಿ ಮತ್ತ."